ಎಡಗಡೆ ಪದ, ಬಲಗಡೆ ಗದ್ದಲ

ಮುಂದಿನ ತಲೆಮಾರುಗಳು ಮರೆಯಬಾರದ ಒಂದು ಘಟನೆಯನ್ನು ಗಂಭೀರವಾಗಿಯೇ ದಾಖಲಿಸಬೇಕಾಗಿದೆ. ಸೋಮವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ, ಕಿವಿ ಆಸ್ಪತ್ರೆಯೊಂದರ ಒಳಕೋಣೆಯಲ್ಲಿ, ಒಂದು ಸಿಡಿ ಬಾಯಿ ಬಿಡಲಿಲ್ಲ.

ಸಿಡಿ ಒಳಗೆ ಹೋಯಿತು, ಗರ್ರೆಂದು ತಿರುಗಿತು. 'ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ' ಎಂದು ಪರದೆ ಹೇಳಿತು.

"ನಮ್ಮ ಆಸ್ಪತ್ರೇಲಿ ನನಗೇ ಅನುಮತಿ ಇಲ್ವಂತೆ!" ಪರದೆಯ ಮುಂದೆ ಕೂತವಳು ಸಿಡುಕಿದಳು.

ಬಾಗಿಲಲ್ಲಿ ನಿಂತಿದ್ದವನು ನಕ್ಕುಬಿಟ್ಟ. ಅದು ಅವನ ಮೊದಲ ತಪ್ಪು.

"ನಗೋಕೇನಿದೆ? ಯಾರು ನೀವು?"

"ಭಾನುವಾರ ಬಂದು ಇದಕ್ಕೆ ಲಿನಕ್ಸ್ ಹಾಕಿದವನು ನಾನೇ."

"ಓಹೋ... ಕೆಡಿಸಿದ್ದು ನೀವೇ ಹಾಗಾದ್ರೆ!"

ಅವಳು ಕಿವಿ ಪರೀಕ್ಷೆ ಮಾಡುವವಳು. ರೋಗಿಗಳ ಬಾಯಲ್ಲಿ 'ಕಿವಿ ಮೇಡಂ'. ಆಸ್ಪತ್ರೆ ಅಣ್ಣನದು. ಹೊರಗೆ ರೋಗಿಗಳ ಹೆಸರು ಬರೆದುಕೊಳ್ಳುವ ಮೇಜು ಅತ್ತಿಗೆಯದು. ಹಳೆಯ ತಂತ್ರಾಂಶ ತೆಗೆಸಿ, ಯಾರು ಬೇಕಾದರೂ ಬಳಸಬಹುದಾದ ಈ ಹೊಸದನ್ನು ಹಾಕಿಸಬೇಕೆಂದು ಹಟ ಹಿಡಿದವಳು ಮಾತ್ರ ಅವಳೇ. ಗುರುವಾರ ಹದಿನೆಂಟು ಜನ ಬಸ್ ಚಾಲಕರು ಪರೀಕ್ಷೆಗೆ ಬರುವವರಿದ್ದರು. ಸಿಡಿ ಹೇಳುವ ಪದಗಳನ್ನು ಅವರು ತಿರುಗಿ ಹೇಳಬೇಕು. "ಅಷ್ಟರೊಳಗೆ ಸರಿಹೋಗದಿದ್ರೆ ಹಳೇದೇ ವಾಪಸ್. ಆಮೇಲೆ ನನ್ನ ಹತ್ರ ಹೊಸದು ಗಿಸದು ಅನ್ಬೇಡ," ಎಂದಿದ್ದ ಅಣ್ಣ.

ಕಂಪ್ಯೂಟರಿನವನು ಕುರ್ಚಿ ಎಳೆದು ಕೂತ.

"ಅದನ್ನ ಫೋಲ್ಡರ್ ಥರ ತೆರೀಬೇಡಿ. ಆಡಿಯೋ ಸಿಡೀಲಿ ಫೈಲೇ ಇರಲ್ಲ."

"ಫೈಲೇ ಇಲ್ವಾ? ಅಳಿಸಿಬಿಟ್ರಾ?"

"ಅಯ್ಯೋ, ಮೊದಲಿಂದಲೂ ಇರಲ್ಲ ಮೇಡಂ! ಪ್ಲೇಯರ್‌ನಲ್ಲೇ ಹಾಕ್ಬೇಕು. ಆಮೇಲೆ, ಡ್ರೈವ್ ಮುಟ್ಟಬಹುದಾದವರ ಪಟ್ಟೀಲಿ ನಿಮ್ಮ ಹೆಸರಿಲ್ಲ. ಸೇರಿಸ್ತೀನಿ."

"ನಿಜ ತಾನೇ?"

"ಯಾಕೆ ಅಷ್ಟು ಅನುಮಾನ?"

"ನನ್ನ ಕೆಲಸವೇ ಅದು. ಕೇಳಿಸದಿದ್ರೂ 'ಕೇಳಿಸ್ತು' ಅನ್ನೋ ಚಾಲಕರನ್ನ ದಿನಾ ನೋಡ್ತೀನಿ. ಅದಕ್ಕೇ ಎರಡು ಸಲ ಪರೀಕ್ಷೆ ಮಾಡೋದು. ಸುಳ್ಳು ಹೇಳೋರ ಉತ್ತರ ಎರಡನೇ ಸಲ ಬದಲಾಗುತ್ತೆ."

ಅವನ ನಗು ಒಂದು ಕ್ಷಣ ಮಾಯವಾಯಿತು. ಅವಳು ಅದನ್ನು ಗಮನಿಸಿದಳು... ಮನಸ್ಸಿನ ಮೂಲೆಯಲ್ಲಿ ಬರೆದಿಟ್ಟುಕೊಂಡಳು.

ಇನ್ನೊಂದು ವಿಚಿತ್ರವನ್ನೂ ಬರೆದಿಟ್ಟುಕೊಂಡಳು. ಪರದೆಯ ಮುಂದೆ ಅವಳು ಎಲ್ಲೇ ನಿಂತರೂ ಅವನು ಸುತ್ತಿಬಳಸಿ ಬಂದು ಅವಳ ಎಡಗಡೆಗೇ ನಿಲ್ಲುತ್ತಿದ್ದ. 'ಇದೇನು ಚಾಳಿ ಇವನದು?' ಅನುಮಾನ ಬಂತು. ಅದರ ಬೆನ್ನಿಗೇ ಅವನ ಅಂಗಿಯ ಸೋಪಿನ ವಾಸನೆಯೂ ಬಂತು. ಎರಡನ್ನೂ ಬೇರೆ ಮಾಡಲು ಅವಳಿಗೆ ಆಗಲಿಲ್ಲ.

ಕೊನೆಗೆ ಅವನು ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಹುಬ್ಬು ಗಂಟಾಯಿತು.

"ಬರೀ ಗದ್ದಲ ಬರ್ತಿದೆ. ನಾಳೆ ಬಂದು ನೋಡ್ತೀನಿ."

ಮಂಗಳವಾರ ಮತ್ತೆ ಬಂದ. ಈಗ ಬೇರೆಯೇ ಕಾರಣ.

"ಸಿಡಿಯ ಅಂಕಿಗಳನ್ನ ಇದು ಹಿಂದುಮುಂದಾಗಿ ಓದ್ತಿದೆ ಅನ್ಸುತ್ತೆ. ಹಾಗೆ ಓದಿದ್ರೆ ಎಂಥ ಹಾಡೂ ಗೊರಗೊರ ಅನ್ನುತ್ತೆ."

"ನಿನ್ನೆ ಅನುಮತಿ ಅಂದ್ರಿ?"

"ನಿನ್ನೇದು ನಿನ್ನೇಗೆ. ಇದು ಇವತ್ತಿಂದು."

ಅವನು ಏನೋ ಬದಲಿಸಿದ. ಕೇಳಿದ. ತಲೆಯಾಡಿಸಿದ. ಅವನ ಮುಖದ ಸುಸ್ತು ನೋಡಿ ಅವಳ ಮನಸ್ಸು ತುಸು ಕರಗಿತು. ಅವನು ಬಾಗಿಲು ದಾಟುವಾಗ ಎಡಬದಿಯಿಂದ ಮೆಲ್ಲಗೆ ಹೇಳಿದಳು: "ಕಾಫಿ ಕುಡಿದು ಹೋಗಿ..."

ಅವನು ತಿರುಗಿಯೂ ನೋಡದೆ ಹೊರಟುಹೋದ.

'ಎಷ್ಟು ಕೊಬ್ಬು! ನಾನಾಗಿ ಕರೆದರೆ...' ಅವಳ ಕೆನ್ನೆ ಉರಿಯಿತು. ಸಿಟ್ಟಿನಲ್ಲಿ ಹೆಡ್‌ಫೋನ್ ಕಿವಿಗಿಟ್ಟುಕೊಂಡಳು. ಎರಡೂ ಕಡೆ ಕಿವಿ ಹರಿಯುವಂಥ ಗೊರಗೊರ.

"ಯಾಕೆ ಮುಖ ಊದಿಸ್ಕೊಂಡಿದ್ದೀಯಾ?" ಅತ್ತಿಗೆ ಒಳಗೆ ಬಂದಳು.

"ಸಿಡಿ ಇನ್ನೂ ಬರ್ತಿಲ್ಲ, ಅತ್ತಿಗೆ."

"ಬರ್ತಿಲ್ವಾ? ನಿನ್ನೆ ಅವನು ಹೋದಮೇಲೆ ನಾನೇ ಹಾಕ್ಕೊಂಡು ಕೇಳಿದ್ನಲ್ಲ, ಚೆನ್ನಾಗಿತ್ತು! ಎಡಗಡೆ ಪದ, ಬಲಗಡೆ ಸಂತೆ ಗದ್ದಲ. ಯಾವಾಗಲೂ ಇರೋ ಹಾಗೇ."

ಅವಳು ಕೂತಲ್ಲೇ ನೆಟ್ಟಗಾದಳು. ಆ ಸಿಡಿಯ ರೀತಿಯೇ ಅದು: ಒಂದು ಕಿವಿಗೆ ಪದ, ಇನ್ನೊಂದಕ್ಕೆ ಗದ್ದಲ. ಗದ್ದಲದ ನಡುವೆಯೂ ಪದ ಹಿಡಿಯಬಲ್ಲರೇ ಎಂದು ನೋಡುವುದಕ್ಕೆ.

"ನಿನ್ನೇನೇ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ಅವನು ಇವತ್ತು ಬರ್ತಿದ್ನಾ?" ಅತ್ತಿಗೆ ಕಣ್ಣು ಮಿಟುಕಿಸಿದಳು. "ನಿನ್ನ ಮುಖ ನೋಡ್ದೆ. ಸುಮ್ಮನಾದೆ."

ತಮಾಷೆ ಅವಳ ಕಿವಿಗೆ ಬೀಳಲಿಲ್ಲ. ಸರಿಯಾಗಿದ್ದದ್ದನ್ನು ಅವನು ಕೆಡಿಸಿದ್ದಾನೆ! ಅದೂ ಕಣ್ಣೆದುರೇ! ಉತ್ತರವೂ ಎರಡನೇ ದಿನ ಬದಲಾಯಿತು. ಯಾಕೆ? ಮತ್ತೆ ಮತ್ತೆ ಬರುವುದಕ್ಕಾ? ಕಾಫಿಗೂ ನಿಲ್ಲದವನು ಬರುವುದಾದರೂ ಯಾಕೆ? ತನ್ನನ್ನು ಅಣ್ಣನ ಮುಂದೆ ದಡ್ಡಿ ಮಾಡುವುದಕ್ಕಾ?

ಬುಧವಾರ ಅವನು ಬಂದಾಗ ಅವಳು ಜಗಳಕ್ಕೆ ಸಿದ್ಧವಾಗಿದ್ದಳು. ಅವನ ಬಲಗಡೆ ಅತ್ತಿಗೆ ಹಳೆಯ ಫೈಲುಗಳ ರಾಶಿ ಪೇರಿಸಿದ್ದಳು. ಹಾಗಾಗಿ ಅವಳು ಎಡಗಡೆ ಬಂದು ನಿಂತಳು. ಹೊರಗೆ ರೋಗಿಗಳಿದ್ದರು, ದನಿ ತಗ್ಗಿಸಲೇಬೇಕಾಯಿತು.

"ನೀವು ಬೇಕಂತಲೇ ಕೆಡಿಸ್ತಿದ್ದೀರಿ. ಹೌದೋ ಅಲ್ವೋ?"

ಅವನು ಟೈಪ್ ಮಾಡುತ್ತಲೇ ಇದ್ದ.

ಇನ್ನೊಮ್ಮೆ ಹೇಳಿದಳು. ರೆಪ್ಪೆಯೂ ಅಲುಗಲಿಲ್ಲ.

ಜಂಬದವನ ರೆಪ್ಪೆಯಾದರೂ ಅಲುಗುತ್ತದೆ. ಕೇಳಿಸದವನದು ಅಲುಗುವುದಿಲ್ಲ. ಇದು ಐದು ವರ್ಷದಿಂದ ಅವಳಿಗೆ ಗೊತ್ತಿರುವ ವಿಷಯ.

ಅವನ ಎಡಗಿವಿಗೆ ಬಾಗಿ ಪಿಸುಗುಟ್ಟಿದಳು: "ನಿಮ್ಮ ಕಾಲರ್ ಮೇಲೆ ಜಿರಳೆ ಇದೆ."

ಏನೂ ಇಲ್ಲ.

ಫೈಲುಗಳನ್ನು ಸರಿಸಿ, ಬಲಗಿವಿಗೆ ಅಷ್ಟೇ ಮೆಲ್ಲಗೆ ಅದನ್ನೇ ಹೇಳಿದಳು.

ಕುರ್ಚಿ ಒಂದು ಕಡೆ ಬಿತ್ತು, ಅವನು ಇನ್ನೊಂದು ಕಡೆ.

"ಎಲ್ಲಿ? ಎಲ್ಲಿ?!"

ಅವಳು ನಗಲಿಲ್ಲ. ಕಣ್ಣು ತುಂಬಿತ್ತು.

"ನಿನ್ನೆ ಮಾಡಿದ್ದನ್ನ ವಾಪಸ್ ಮಾಡಿ."

ಮಾಡಿದ. ಅವಳು ಹೆಡ್‌ಫೋನನ್ನು ತಿರುವುಮುರುವು ಮಾಡಿ, ಎಡಗಡೆಯದು ಬಲಗಿವಿಗೆ ಬರುವಂತೆ ತಾನೇ ಅವನಿಗೆ ತೊಡಿಸಿದಳು.

ಅವನ ತುಟಿ ತಾನಾಗಿ ಅಲುಗಿತು. "ಕಿಟಕಿ... ನವಿಲು... ಹಗಲು..." ಆಮೇಲೆ ಹೆಡ್‌ಫೋನ್ ಕೆಳಗಿಟ್ಟ. ಅವಳ ಮುಖ ನೋಡಲಿಲ್ಲ.

"ಚಿಕ್ಕವನಿದ್ದಾಗ ಜ್ವರ ಬಂದು ಹೋಯ್ತು, ಎಡಗಿವಿ. ಹೇಳಿದ್ರೆ ಜನ ಪಾಪ ಅಂತಾರೆ, ಕಿರುಚಿ ಮಾತಾಡ್ತಾರೆ. ಅದಕ್ಕೇ ಯಾರಿಗೂ ಹೇಳಲ್ಲ. ನಿಮಗಂತೂ..."

"ನನಗಂತೂ?"

"ನಿಮ್ಮ ಹತ್ರ ರೋಗಿಯಾಗಿ ಬರೋಕೆ ಇಷ್ಟ ಇರ್ಲಿಲ್ಲ."

ಅವಳ ಎಡಗಡೆ ನಿಂತರೆ ಅವಳು ಅವನ ಬಲಕ್ಕೆ ಬರುತ್ತಾಳೆ! ಅವಳ ಒಂದು ಮಾತೂ ತಪ್ಪಿಹೋಗಬಾರದೆಂದು ಮೂರು ದಿನದಿಂದ ಮೇಜು ಸುತ್ತುತ್ತಿದ್ದಾನೆ ಇವನು! ತಾನೋ... ಅವನ ಕಿವಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅನುಮಾನಿಸಿದ್ದಳು.

"ಏಳಿ. ಒಳಗೆ ನಡೀರಿ," ಎಂದಳು, ಗಾಜಿನ ಪರೀಕ್ಷಾ ಕೋಣೆ ತೋರಿಸಿ.

"ಮೇಡಂ, ಬೇಡ..."

"ನಾನು ಹೇಳಿದ್ದನ್ನ ತಿರುಗಿ ಹೇಳೋದು. ಅಷ್ಟೇ."

ಅವನು ಗಾಜಿನ ಆಚೆ ಕೂತ. ಅವಳು ಈಚೆ ಮೈಕ್ ಹಿಡಿದಳು, ಅವನ ಬಲಗಿವಿಗೆ ಮಾತ್ರ ಕೇಳಿಸುವಂತೆ.

"ಬಾಗಿಲು."

"ಬಾಗಿಲು."

"ಕಾಫಿ."

"ಕಾಫಿ."

"ಮಂಗಳವಾರ ಕಾಫಿಗೆ ಕರೆದಿದ್ದೆ. ನೀವು ತಿರುಗಿ ನೋಡ್ಲಿಲ್ಲ."

ಅವನು ಗಾಜಿನ ಹತ್ತಿರಕ್ಕೆ ಬಾಗಿದ. "ಕರೆದಿದ್ರಾ?!... ಇದೂ ಪಟ್ಟೀಲಿದೆಯಾ?"

"ಹರಟೆ ಬೇಡ. ಮುಂದಿನದು." ಅವಳು ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ನನಗೆ... ನೀವು ಇಷ್ಟ."

"ನನಗೆ ನೀವು ಇಷ್ಟ."

"ಇದು ಪರೀಕ್ಷೆಗೆ ಹೇಳಿದ್ದಾ? ನಿಜಾನಾ?"

"ಇನ್ನೂ ಅನುಮಾನಾನಾ? ಎರಡನೇ ಸಲ ಕೇಳಿ ಮತ್ತೆ. ಸುಳ್ಳಾದ್ರೆ ಬದಲಾಗುತ್ತಲ್ಲ."

ಅವಳು ಮೈಕ್ ಆರಿಸಿ, ಬಾಗಿಲು ತೆಗೆದು ಒಳಗೆ ಹೋದಳು. ಅವನ ಬಲಗಡೆ ಕೂತಳು. ಅವನ ಮುಖವನ್ನೇ ನೋಡಿದಳು.

"ನನಗೆ ನೀವು ಇಷ್ಟ," ಎಂದ ಅವನು.

ಉತ್ತರ ಬದಲಾಗಲಿಲ್ಲ.

ಗುರುವಾರ ಹದಿನೆಂಟು ಜನ ಚಾಲಕರ ಪರೀಕ್ಷೆ ಮುಗಿಯಿತು. ಸಿಡಿ ಎಲ್ಲಿಯೂ ನಿಲ್ಲಲಿಲ್ಲ.