ಗಾಳಿಗಡಿಯಾರದ ಹಿತ್ತಾಳೆ ಮುಳ್ಳು

ಋತುಗಳ ಚಕ್ರವನ್ನು ಸದ್ದಿಲ್ಲದೆ ತಿರುಗಿಸುವವನೂ, ಚಂದ್ರನಿಗೆ ಕ್ಷಯವನ್ನೂ ವೃದ್ಧಿಯನ್ನೂ ಸಮನಾಗಿ ಹಂಚಿದವನೂ, ಮಡುವಿನ ತಳದ ಮರಿಮೀನಿನ ಉಸಿರನ್ನು ಎಣಿಸಬಲ್ಲವನೂ ಆದ ಪರಮಾತ್ಮನಿಗೆ ಮೊದಲ ವಂದನೆ. ಅವನ ಕಣ್ಣು ತಪ್ಪಿಸಿದ ಪಾಪವಿಲ್ಲ. ಆದರೆ ಅವನು ಕಂಡದ್ದನ್ನು ಲೋಕಕ್ಕೆ ತೋರಿಸಲು ಯಾರಾದರೊಬ್ಬರ ನಡುಗುವ ಕೈ ಬೇಕಾಗುತ್ತದೆ. ಇದು ಅಂಥ ಒಂದು ಕೈಯ ಕಥೆ.

*

ಬೆಳಗಿನ ಏಳು ಗಂಟೆ. ಕೆರೆಯ ಪಶ್ಚಿಮದಂಚಿನ ಜೊಂಡಿನಲ್ಲಿ ಒಂದು ದೋಣಿ ಸಿಕ್ಕಿಕೊಂಡಿತ್ತು. ಅದರೊಳಗೆ ಹುಣ್ಣಿಮೆಯಜ್ಜ ಅಂಗಾತ ಮಲಗಿದ್ದರು. ಕಣ್ಣು ತೆರೆದೇ ಇತ್ತು. ತಲೆಯ ಹಿಂಭಾಗ ಒಡೆದಿತ್ತು.

ಚಂದ್ರನ ಲೆಕ್ಕ ಬಲ್ಲವರಾದ್ದರಿಂದ ಅವರಿಗೆ ಆ ಹೆಸರು. ಬೋಳು ತಲೆಯೂ ಅದಕ್ಕೆ ಒಪ್ಪುವಂತಿತ್ತು, ಆ ಹಾಸ್ಯಕ್ಕೆ ಮೊದಲು ನಗುತ್ತಿದ್ದವರೂ ಅವರೇ. ಮೂವತ್ತು ವರ್ಷದಿಂದ ಆ ಕೆರೆಗೆ ಗಾಳ ಹಾಕಲು ಯಾವ ದಿನ ಹೋಗಬೇಕು, ಯಾವ ದಿನ ಹೋಗಬಾರದು ಎಂದು ನಿರ್ಣಯಿಸುತ್ತಿದ್ದವರು ಅವರೊಬ್ಬರೇ. ಋತುವನ್ನು ವರ್ಷದ ಮೊದಲೇ ಶಾಯಿಯಲ್ಲಿ ಬರೆಯುವರು. ಚಂದ್ರನ ಕಲೆಯನ್ನು ತಿಂಗಳ ಮೊದಲು ಕೆಂಪು ಪೆನ್ಸಿಲಿನಲ್ಲಿ ಗುರುತಿಸುವರು. ಗಾಳಿಯ ಗತಿಯನ್ನು ಮಾತ್ರ ಮುನ್ನಾದಿನ ಸಂಜೆ ಗಾಳದ ಸಂಘದ ದೋಣಿಕಟ್ಟೆಯ ಕರಿಹಲಗೆಗೆ ಸೀಮೆಸುಣ್ಣದಲ್ಲಿ ಏರಿಸುವರು. ಶಾಯಿ, ಪೆನ್ಸಿಲು, ಸುಣ್ಣ: ಮೂರೂ ಒಪ್ಪಿದರೆ ಮಾತ್ರ ಪ್ರಯಾಣ.

ಆ ಬೆಳಿಗ್ಗೆ ಹಲಗೆಯ ಮೇಲೆ ಅವರ ಕೈಬರಹ ಇನ್ನೂ ಅಳಿಸಿರಲಿಲ್ಲ. 'ನಾಳೆ ಯಾರೂ ನೀರಿಗೆ ಇಳಿಯಬಾರದು.'

ಮಳೆಯಕ್ಕ ಹಲಗೆಯನ್ನೊಮ್ಮೆ, ದೋಣಿಯನ್ನೊಮ್ಮೆ ನೋಡಿದಳು. ಅವಳು ಗುಡ್ಡದ ಮೇಲಿನ ಹವಾಮಾನ ಕಚೇರಿಯ ವೀಕ್ಷಕಿ. ಆರು ಗಂಟೆಯ ಅಂಕಿಗಳನ್ನು ಬರೆದು ಮನೆಗೆ ಹೊರಟವಳು ಜನರ ಗುಂಪು ಕಂಡು ನಿಂತಿದ್ದಳು. ಯಾರೂ ಇಳಿಯಬಾರದು ಎಂದವರೇ ಇಳಿದರೇ? ದೋಣಿಯಲ್ಲಿ ಗಾಳದ ಕೋಲು ಇರಲಿಲ್ಲ. ತಳದ ಹಲಗೆಗೆ ಸಾಸಿವೆಯಂಥ ಕಿತ್ತಳೆ ಬಣ್ಣದ ಕಾಳುಗಳು ಅಂಟಿದ್ದವು. ಮೀನಿನ ಮೊಟ್ಟೆ. ಮೀನು ಮೊಟ್ಟೆಯಿಡುವ ಈ ಆರು ವಾರ ತೊರೆ ಕೆರೆಗೆ ಸೇರುವ ಕಡೆ ಯಾರೂ ಸುಳಿಯಕೂಡದೆಂಬುದು ಅಜ್ಜನದೇ ಕಟ್ಟಳೆ.

ಆಮೇಲೆ ಅವಳ ಕಣ್ಣು ದೋಣಿಯ ಮೂತಿಯ ನೀಲಿ ಪಟ್ಟಿಗೆ ಬಿತ್ತು. ಅದು ಅವಳ ಅಣ್ಣನ ದೋಣಿ.

*

ಮಧ್ಯಾಹ್ನದ ಹೊತ್ತಿಗೆ ಅಣ್ಣ ಠಾಣೆಯಲ್ಲಿದ್ದ.

ಅವನ ಮೇಲಿನ ಸಂಶಯಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ರಕ್ತ ಅವನ ದೋಣಿಯ ಹುಟ್ಟಿಗೇ ಅಂಟಿತ್ತು. ಹಿಂದಿನ ಸಂಜೆ ಪರವೂರಿನಿಂದ ಬಂದ ಮೂವರನ್ನು ಅವನು ಬೆಳಗಾಗುತ್ತಲೇ ನೀರಿಗೆ ಕರೆದೊಯ್ಯುವುದಿತ್ತು. ಅಜ್ಜ ಹಲಗೆ ಬರೆದು ತಡೆದರು. ಕಟ್ಟೆಯ ಮೇಲೆ ಹತ್ತು ಜನರೆದುರು ದೊಡ್ಡ ಜಗಳವಾಯಿತು. ಆ ಮೂವರೂ ಕೂಗಾಡಿದ್ದರಂತೆ. ಆದರೆ ಅವರು ಆ ರಾತ್ರಿಯೇ ಬಸ್ಸು ಹತ್ತಿದ್ದರು, ಟಿಕೆಟ್ಟು ಕೊಟ್ಟವನೇ ಸಾಕ್ಷಿ.

ಇನ್ಸ್‌ಪೆಕ್ಟರು ಕೆಟ್ಟವರಲ್ಲ, ದಣಿದವರು. ಅವರು ಮಳೆಯಕ್ಕನ ಮುಂದೆ ಒಂದು ತಗಡಿನ ಡಬ್ಬಿ ಇಟ್ಟರು. ಅಜ್ಜ ಸದಾ ಹೆಗಲಿಗೆ ತೂಗಿಕೊಳ್ಳುತ್ತಿದ್ದದ್ದು, ಶವದ ಹೆಗಲಲ್ಲೇ ಸಿಕ್ಕಿದ್ದು. ಒಳಗೆ ಅವರ ದಿನಚರಿ. ಸಾವು ಐದು ಗಂಟೆಗೆ ಮೊದಲೇ ಆಗಿದೆಯೆಂದು ವೈದ್ಯರು ಹೇಳಿದ್ದರು. ಕೊನೆಯ ಪುಟ ಆ ದಿನದ್ದೇ. ಪೆನ್ಸಿಲಿನಲ್ಲಿ ಒಂದೇ ಸಾಲು:

'ಅಮಾವಾಸ್ಯೆಯ ಮಾರನೆಯ ದಿನ. ೦೬. ನಾಲ್ಕೂವರೆಗೆ ದೋಣಿಯವನೊಡನೆ ನಡುಮಡುವಿಗೆ.'

"ಅಣ್ಣನ ಜೊತೆ ಹೋದ್ರು. ವಾಪಸ್ ಬರಲಿಲ್ಲ," ಎಂದರು ಇನ್ಸ್‌ಪೆಕ್ಟರು. "ನಾಡಿದ್ದು ಅವನನ್ನ ಕೋರ್ಟಿಗೆ ಕಳಿಸ್ತೀನಮ್ಮ. ಅಷ್ಟರೊಳಗೆ ನಿಮಗೇನಾದ್ರೂ ಹೊಳೆದರೆ ಹೇಳಿ."

ಕಂಬಿಯ ಹಿಂದೆ ಅಣ್ಣ ಅಳಲಿಲ್ಲ, ಆಣೆಯಿಡಲಿಲ್ಲ. ಬೈದದ್ದು ನಿಜ ಎಂದು ಒಪ್ಪಿಕೊಂಡ. ದೋಣಿಯನ್ನು ಸಂಜೆಯೇ ಸರಪಳಿಗೆ ಬಿಗಿದು ಬಂದೆ, ಬೆಳಗಿನವರೆಗೂ ನಿನ್ನ ಅತ್ತಿಗೆಯ ಪಕ್ಕ ಗೊರಕೆ ಹೊಡೆಯುತ್ತಿದ್ದೆ ಎಂದ. ಹೆಂಡತಿಯ ಸಾಕ್ಷಿಯನ್ನು ಯಾರು ನಂಬುತ್ತಾರೆ? ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದ:

"ನನಗೆ ಈಜು ಕಲಿಸಿದ ಕೈ ಅದು ಕಣೇ. ಅವರ ತಲೆ ಮೇಲೆ ನನ್ನ ಕೈ ಏಳತ್ತಾ?"

*

ಮಾರನೆಯ ಬೆಳಿಗ್ಗೆ ಅವಳು ಹುಣ್ಣಿಮೆಯಜ್ಜನ ಹೆಂಡತಿ, ಅಜ್ಜಿಯ ಬಳಿಗೆ ಹೋದಳು. ಒಂದೇ ಕೋಣೆಯ ಮನೆ. ಗೂಟದಲ್ಲಿ ಅಜ್ಜನ ಕೋಲುಗಳು ಐದೂ ಇದ್ದವು. ಅವಳು ಎರಡು ಸಲ ಎಣಿಸಿದಳು. ಗಾಳವಿಲ್ಲದೆ ಗಾಳ ಹಾಕಲು ಹೋದರೇ?

ಗೋಡೆಯ ಮೇಲೆ ವಾಯುಭಾರಮಾಪಕ. ಅಜ್ಜನ ಬಾಯಲ್ಲಿ ಅದು 'ಗಾಳಿಗಡಿಯಾರ'. ಅದಕ್ಕೆ ಎರಡು ಮುಳ್ಳು. ಕಪ್ಪು ಮುಳ್ಳು ಗಾಳಿಯ ಭಾರಕ್ಕೆ ತಾನೇ ಚಲಿಸುತ್ತದೆ. ಹಿತ್ತಾಳೆಯದು ತಾನಾಗಿ ಅಲುಗುವುದಿಲ್ಲ. ನೋಡಿದವರು ಕೈಯಿಂದ ತಿರುಗಿಸಿ ಕಪ್ಪು ಮುಳ್ಳಿನ ಮೇಲೆ ನಿಲ್ಲಿಸಬೇಕು. ಮುಂದಿನ ಸಲ ನೋಡಿದಾಗ ಎರಡರ ನಡುವಿನ ಅಂತರವೇ ಏರಿಕೆ, ಇಳಿಕೆ.

ಅಜ್ಜಿ ಹೇಳಿದ್ದು ಇಷ್ಟು. ನೀರಿಗೆ ಇಳಿಯುವ ದಿನ ಅವರು ಗಾಜಿಗೆ ಎರಡು ಸಲ ಬೆರಳು ತಟ್ಟದೆ ಹೊರಡುತ್ತಿರಲಿಲ್ಲ. ಆ ಸದ್ದಿಗೇ ತನಗೆ ನಲವತ್ತು ವರ್ಷ ಎಚ್ಚರವಾಗುತ್ತಿದ್ದದ್ದು. ಅಂದು ಸದ್ದಾಗಲಿಲ್ಲ. ಬಾಗಿಲು ಕಿರುಗುಟ್ಟಿದಾಗ ನಾಲ್ಕು ಗಂಟೆ. ಡಬ್ಬಿ ಹೆಗಲಲ್ಲಿತ್ತು, ಕೈಯಲ್ಲಿ ಟಾರ್ಚು ಮಾತ್ರ. ಪೊಲೀಸರಿಗೂ ಹೇಳಿದ್ದಳು, ಮುದುಕಿಯ ಕಿವಿ ಎಂದು ಅವರು ನಕ್ಕರು.

"ಎಲ್ಲಿಗೆ ಅಂದೆ ಮಗಳೇ. 'ನಾನು ಹೋಗಬೇಡಿ ಅಂದ ದಿನವೇ ಯಾರೋ ಹೋಗ್ತಿದಾರೆ, ದಡದಲ್ಲಿ ನಿಂತು ನೋಡ್ಬಿಟ್ಟು ಬರ್ತೀನಿ' ಅಂದ್ರು."

ಎಲ್ಲರೂ ಪಾಲಿಸುವ ನಿಷೇಧಕ್ಕಿಂತ ಕಳ್ಳನಿಗೆ ಒಳ್ಳೆಯ ಕಾವಲು ಯಾವುದಿದೆ? ಅಜ್ಜ 'ಬೇಡ' ಎಂದು ಬರೆದ ದಿನ ಇಡೀ ಕೆರೆ ಬರಿದು. ಒಬ್ಬನನ್ನು ಬಿಟ್ಟು.

"ಇದನ್ನ ಆಮೇಲೆ ಯಾರಾದ್ರೂ ಮುಟ್ಟಿದ್ರಾ ಅಜ್ಜಿ?"

"ಅವರು ನಿಲ್ಲಿಸಿದ ಮುಳ್ಳು. ನಾನು ಮುಟ್ತೀನಾ?"

ಹಿತ್ತಾಳೆ ಮುಳ್ಳು ಒಂಬೈನೂರ ಹದಿನಾಲ್ಕರ ಮೇಲೆ ನಿಂತಿತ್ತು.

ಅಜ್ಜ ಪುಸ್ತಕದಲ್ಲಿ ಬರೆಯುತ್ತಿದ್ದದ್ದು ಕೊನೆಯ ಎರಡು ಅಂಕಿ ಮಾತ್ರ. ಠಾಣೆಯಲ್ಲಿ ತಿರುವಿ ನೋಡಿದ್ದ, ಕೊಲೆಯ ಹಿಂದಿನ ಪುಟಗಳು ಅವಳ ಕಣ್ಣಿಗೆ ಕಟ್ಟಿದ್ದವು: ೧೯, ೧೭, ೧೪. ಹಿಂದಿನ ಸಂಜೆಯದು ಹದಿನಾಲ್ಕು. ಅದರ ನಂತರ ಅಜ್ಜ ಗಡಿಯಾರವನ್ನು ನೋಡಿಯೇ ಇಲ್ಲ. ಹಾಗಾದರೆ ಸೊನ್ನೆ ಆರು ಎಲ್ಲಿಂದ ಬಂತು?

*

ಕಚೇರಿಯಲ್ಲಿ ಅವಳೊಬ್ಬಳೇ. ಹೊರಗೆ ಮತ್ತೆ ಗಾಳಿ ಎದ್ದಿತ್ತು. ಮೊದಲು ಅವಳು ಸುತ್ತುವ ಉರುಳೆಯ ಮೇಲೆ ಯಂತ್ರವೇ ಗೀರಿದ ಗಾಳಿಭಾರದ ಗೆರೆಯನ್ನು ನೋಡಿದಳು. ಕೊಲೆಯ ಬೆಳಿಗ್ಗೆ ಆರು ಗಂಟೆಗೆ ಅಜ್ಜನ ಮನೆಯ ಮುಳ್ಳು ಒಂಬೈನೂರ ಹತ್ತರಲ್ಲಿದ್ದಿರಬೇಕು. ಅದಕ್ಕೆ ಮೊದಲು ಇನ್ನೂ ಮೇಲೆಯೇ. ಒಂಬೈನೂರ ಆರಕ್ಕೆ ಇಳಿದಿರಲು ಸಾಧ್ಯವೇ ಇರಲಿಲ್ಲ.

ಹಿಂದೊಮ್ಮೆ ಅವಳು ಅಜ್ಜನಿಗೆ ಕಚೇರಿಯ ಅಂಕಿ ಕೊಡಲು ಹೋಗಿದ್ದಳು. ಅವರು ನಕ್ಕಿದ್ದರು. "ನಿಮ್ಮದು ಸಮುದ್ರದ ಅಂಕಿ ಕಣಮ್ಮ. ನನ್ನ ಮೀನು ಈ ಕೆರೆಯದು." ಮಾತು ಸರಿ. ಊರು ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ಹಗುರ. ಕಚೇರಿಯವರು ಅದಕ್ಕೆ ಲೆಕ್ಕ ಸೇರಿಸಿ ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳುತ್ತಾರೆ. ಅಜ್ಜ ಗೋಡೆಯ ಮೇಲೆ ಕಂಡದ್ದನ್ನೇ ಬರೆಯುತ್ತಾರೆ. ಎರಡೂ ಎಂದೂ ಒಂದಾಗುವುದಿಲ್ಲ.

ಕೊಲೆಯ ದಿನದ ಆರು ಗಂಟೆಯ ಕಚೇರಿ ಅಂಕಿ: ಸಾವಿರದ ಆರು.

ಸೊನ್ನೆ ಆರು.

ಬೆರಳು ನಡುಗತೊಡಗಿತು. ಆ ಅಂಕಿ ಹುಟ್ಟಿದ್ದು ಆರು ಗಂಟೆಗೆ. ಆಗ ಅಜ್ಜ ಸತ್ತು ಗಂಟೆಯಾಗಿತ್ತು. ಏಳಕ್ಕೆ ಅವಳು ಗುಡ್ಡ ಇಳಿಯುವ ತನಕ ಅದು ಆ ಕೋಣೆ ಬಿಟ್ಟು ಹೋದದ್ದು ಒಂದೇ ಸಲ, ಅವಳದೇ ಬಾಯಿಂದ, ಫೋನಿನಲ್ಲಿ. ಕರೆ ಮಾಡಿದವರ ವಿವರ ಬರೆಯುವುದು ಕಚೇರಿಯ ಪದ್ಧತಿ. ಅವಳು ವಹಿ ತೆರೆದಳು. ಸಾಲು ಅವಳ ಕೈಬರಹದಲ್ಲೇ ಇತ್ತು.

'೬.೧೦. ಗಾಳದ ಸಂಘದ ಕಾರ್ಯದರ್ಶಿ.'

"ಏನು ತಂಗಿ, ಬಹಳ ಆಳಕ್ಕೆ ಇಳಿದ ಹಾಗಿದೆ."

ಕಾರ್ಯದರ್ಶಿ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಕೆರೆ ಕಾಯಲೆಂದು ಸಂಘ ಆರಿಸಿದ ಮನುಷ್ಯ. ದೋಣಿಗಳ ಸರಪಳಿಗೆ ಎರಡನೆಯ ಬೀಗದಕೈ ಇರುವುದು ಅವನೊಬ್ಬನ ಬಳಿ. ಅವನು ಒಳಗೆ ಬಂದು ಬಾಗಿಲು ಮುಂದೆ ಮಾಡಿದ. ಗಾಳಿ ಜೋರು ಎಂದ. ಅಗುಳಿ ಬಿದ್ದ ಸದ್ದಾಯಿತು.

ಅವನು ಮೇಜಿನ ಬಳಿ ಬಂದು ವಹಿಯನ್ನು ತನ್ನ ಕಡೆ ತಿರುಗಿಸಿಕೊಂಡ. ಬೆರಳಿಟ್ಟು ಸಾಲುಸಾಲಾಗಿ ಓದಿದ. ತನ್ನ ಸಾಲಿನ ಮೇಲೆ ಬೆರಳು ನಿಂತಿತು.

"ಎಲ್ಲ ಬರೆದಿಡ್ತೀರಿ ನೀವು. ಒಳ್ಳೆ ಅಭ್ಯಾಸ."

ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಹಿಂದೆ ಕಿಟಕಿ, ಕಿಟಕಿಯಾಚೆ ಗುಡ್ಡದ ಕಡಿದಾದ ಬಂಡೆ. ಕೂಗಿದರೆ ಕೇಳುವವರಿಲ್ಲ.

ಅವನು ಪುಟವನ್ನು ನಿಧಾನವಾಗಿ, ಅಂಚು ಹಾಳಾಗದಂತೆ ಹರಿದ. ನಾಲ್ಕಾಗಿ ಮಡಿಸಿದ.

"ಇದರ ನಕಲು ಇದೆಯಾ?"

ಹನ್ನೊಂದು ವರ್ಷದಲ್ಲಿ ಅವಳು ಒಂದು ಅಂಕಿಯನ್ನೂ ಸುಳ್ಳಾಗಿ ಬರೆದವಳಲ್ಲ. ಪ್ರಾಣ ಉಳಿಸುವ ಸುಳ್ಳು ದೋಷವಲ್ಲವೆಂದು ಹಿರಿಯರು ಹೇಳಿದ್ದಾರೆ.

"ಇಲ್ಲ," ಎಂದಳು.

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಕಿಟಕಿ ಒಮ್ಮೆ ಬಡಿದುಕೊಂಡಿತು. ಆಮೇಲೆ ಅವನ ಹೆಗಲು ಸಡಿಲಾಯಿತು.

"ಅಣ್ಣ ಹೇಗೂ ಒಳಗಿದ್ದಾನೆ ತಂಗಿ. ನೀವಾದ್ರೂ ಹೊರಗಿರಿ. ಅತ್ತಿಗೆಗೆ ಯಾರಾದ್ರೂ ಒಬ್ಬರು ಬೇಕಲ್ಲ."

ಅವನ ಹೆಜ್ಜೆ ಗುಡ್ಡದ ಮೆಟ್ಟಿಲಿಳಿದು ಸದ್ದಡಗುವ ತನಕ ಅವಳು ಕಾದಳು. ಆಮೇಲೆ ಠಾಣೆಗೆ ತಿಳಿಸಲು ಫೋನೆತ್ತಿದಳು. ಸಂಖ್ಯೆ ಒತ್ತಲು ಮೂರು ಸಲ ಬೇಕಾಯಿತು.

*

ಮರುದಿನ ಠಾಣೆಗೆ ಕಾರ್ಯದರ್ಶಿಯನ್ನು ಸಾಕ್ಷಿಯೆಂದೇ ಕರೆಸಿದರು. ಅವನು ಕಾಲ ಮೇಲೆ ಕಾಲು ಹಾಕಿ ಕುಳಿತ. ಮಳೆಯಕ್ಕ ಮೂಲೆಯ ಬೆಂಚಿನಲ್ಲಿದ್ದಳು. ಅವನ ಕಡೆ ನೋಡುವ ಧೈರ್ಯ ಬರಲಿಲ್ಲ.

ಇನ್ಸ್‌ಪೆಕ್ಟರು ದಿನಚರಿ ತೆರೆದು, ಈ ಸೊನ್ನೆ ಆರು ಏನೆಂದು ಕೇಳಿದರು. ಗಾಳಿಯ ಅಂಕಿ ಎಂದ ಅವನು. ಅಜ್ಜನಿಗೆ ಅದು ಎಲ್ಲಿಂದ ಸಿಕ್ಕಿತೆಂದು ಕೇಳಿದರು.

"ಹವಾಮಾನ ಕಚೇರಿಗೆ ಫೋನ್ ಮಾಡಿರ್ತಾರೆ. ದಿನಾ ಮಾಡೋರು."

"ಇದು ಆರು ಗಂಟೆಯ ಅಂಕಿ. ಅಜ್ಜ ಸತ್ತದ್ದು ಐದಕ್ಕೆ ಮುಂಚೆ. ಸತ್ತವರು ಫೋನ್ ಮಾಡಿದ್ರಾ?"

ಕಾರ್ಯದರ್ಶಿ ಕಾಲು ಕೆಳಗಿಳಿಸಿದ.

"ಆ ಹೊತ್ತಿಗೆ ಕೇಳಿದವರು ನೀವೊಬ್ಬರೇ ಅಂತ ಕಚೇರಿ ವಹಿ ಹೇಳುತ್ತೆ," ಎಂದರು ಇನ್ಸ್‌ಪೆಕ್ಟರು.

"ಆ ಪುಟವೇ ಇಲ್ಲವಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನೆಂಬುದು ಗಾದೆ. ಇವನು ಯಾರೂ ಕೇಳದೆಯೇ ಮುಟ್ಟಿಕೊಂಡಿದ್ದ.

"ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಇನ್ಸ್‌ಪೆಕ್ಟರು ನೀಲಿಬಣ್ಣದ ತೆಳು ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದರು. ಆ ಕಚೇರಿಯ ವಹಿಯಲ್ಲಿ ಪ್ರತಿ ಪುಟದ ಕೆಳಗೂ ಕಾರ್ಬನ್ ಹಾಳೆ ಇರುತ್ತದೆ. ದಿನದ ನಕಲು ಅಂದಿನ ಟಪಾಲಿನಲ್ಲೇ ಮುಖ್ಯ ಕಚೇರಿ ಸೇರುತ್ತದೆ. ಅವನು ಪುಟ ಹರಿಯುವ ಹಿಂದಿನ ದಿನವೇ ಅದು ಊರು ಬಿಟ್ಟಿತ್ತು.

ಉಳಿದದ್ದನ್ನು ಮಳೆಯಕ್ಕ ಹೇಳಿದಳು. ಅಜ್ಜ ಬೇಡವೆಂದ ದಿನಗಳಲ್ಲಿ, ಅದರಲ್ಲೂ ಚಂದ್ರನಿಲ್ಲದ ದಿನಗಳಲ್ಲಿ, ಇವನು ಯಾರದಾದರೂ ದೋಣಿ ಬಿಚ್ಚಿಕೊಂಡು ತೊರೆಯ ಬಾಯಿಗೆ ಬಲೆ ಹಾಕುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಅಂದು ದಡದಿಂದ ಟಾರ್ಚಿನ ಬೆಳಕು ಬಿತ್ತು. ಬೆಳಕಿನ ಹಿಂದೆ ಅಜ್ಜನಿದ್ದರು. ಇವನು ದಡಕ್ಕೆ ಬಂದು ಹುಟ್ಟು ಎತ್ತಿದ. ಶವವನ್ನು ದೋಣಿಗೆ ಹಾಕಿ ಜೊಂಡಿಗೆ ತಳ್ಳಿದ. ಹಿಂದಿನ ಸಂಜೆಯ ಜಗಳ ನೆನಪಾಯಿತು, ತಪ್ಪು ಹೊರಿಸಲು ಹೆಗಲೊಂದು ಸಿಕ್ಕಿತು. ಡಬ್ಬಿಯ ಪುಸ್ತಕದಲ್ಲಿ ಅಜ್ಜನ ಅಕ್ಷರದಂತೆಯೇ ನಾಲ್ಕು ಪದ ಬರೆದರಾಯಿತು. ಆದರೆ ಅಂಕಿಯಿಲ್ಲದ ಪುಟ ಅಜ್ಜನದಾಗದು. ಅಷ್ಟು ಬಲ್ಲವನು, ಅದಕ್ಕೇ ಕೆಟ್ಟ. ಗಡಿಯಾರ ಅಜ್ಜಿಯ ತಲೆದೆಸೆಯ ಗೋಡೆಯಲ್ಲಿತ್ತು, ಅಲ್ಲಿಗೆ ಹೋಗುವಂತಿರಲಿಲ್ಲ. ಹಿಂದಿನ ಪುಟದ ಹದಿನಾಲ್ಕನ್ನು ಸಾವಿರದ ಹದಿನಾಲ್ಕೆಂದು ತಿಳಿದ. ಆರು ಗಂಟೆಯ ತನಕ ಕಾದು ಕಚೇರಿಗೆ ಫೋನ್ ಮಾಡಿದ. ಕೆರೆಯ ಪುಸ್ತಕದಲ್ಲಿ ಸಮುದ್ರದ ಅಂಕಿ ಬರೆದ. ಡಬ್ಬಿಯನ್ನು ಮತ್ತೆ ಶವದ ಹೆಗಲಿಗೇರಿಸಿ ಬಂದ.

ಅವನ ಅಟ್ಟದಲ್ಲಿ ಬಲೆ ಸಿಕ್ಕಿತು. ಗಂಟುಗಳಲ್ಲಿ ಕಿತ್ತಳೆ ಮೊಟ್ಟೆಗಳು ಒಣಗಿ ಅಂಟಿದ್ದವು.

*

ಅಣ್ಣ ಹೊರಗೆ ಬಂದವನು ಮನೆಗೆ ಹೋಗಲಿಲ್ಲ. ತಂಗಿಯ ಜೊತೆ ನೇರವಾಗಿ ಅಜ್ಜಿಯ ಮನೆಗೆ ಹೋದ. ಹೊಸಿಲಲ್ಲೇ ನಿಂತ. ಬೈದ ಮಾತಿಗೆ ಈಗ ಯಾರಲ್ಲಿ ಕ್ಷಮೆ ಕೇಳಲಿ ಎಂದ. ಅಜ್ಜಿ ಅವನ ಕೈಹಿಡಿದು ಒಳಗೆ ಕೂರಿಸಿದಳು. ಆಮೇಲೆ ಮಳೆಯಕ್ಕನ ಕಡೆ ತಿರುಗಿದಳು.

"ಮೂರು ದಿನದಿಂದ ಮುಳ್ಳು ಅಲ್ಲೇ ನಿಂತಿದೆ ಮಗಳೇ. ನೀನು ತಟ್ಟು."

ಮಳೆಯಕ್ಕ ಗಾಜಿಗೆ ಎರಡು ಸಲ ಬೆರಳು ತಟ್ಟಿದಳು. ಆ ಸದ್ದಿಗೆ ಅಜ್ಜಿ ಕಣ್ಣು ಮುಚ್ಚಿದಳು. ಕಪ್ಪು ಮುಳ್ಳು ಒಂದು ಗೆರೆ ಮೇಲಕ್ಕೆ ಜಿಗಿಯಿತು. ಬಿರುಗಾಳಿ ದಾಟಿತ್ತು. ಅವಳು ಹಿತ್ತಾಳೆ ಮುಳ್ಳನ್ನು ಹದಿನಾಲ್ಕರಿಂದ ಮೆಲ್ಲಗೆ ಬಿಡಿಸಿ ಕಪ್ಪು ಮುಳ್ಳಿನ ಮೇಲೆ ನಿಲ್ಲಿಸಿದಳು. ಈ ಸಲ ಕೈ ನಡುಗಲಿಲ್ಲ.

ಈ ಕಥೆಯನ್ನು ಕೇಳಿದವರ ಮನೆಯ ಬಾಗಿಲು ಬೆಳಗಾಗುವ ಮೊದಲು ಕೆಟ್ಟ ಸುದ್ದಿಗೆ ತೆರೆಯದಿರಲಿ. ನೀರಿಗೆ ಇಳಿದವರು ದಡ ಸೇರಲಿ. ನಿರಪರಾಧಿಯ ಪರವಾಗಿ ಎಲ್ಲೋ ಒಂದು ನಕಲು ಸದಾ ಉಳಿದಿರಲಿ. ಮೊಟ್ಟೆಯೊಳಗಿನ ಮೀನಿನಿಂದ ಮೊದಲ್ಗೊಂಡು ಸಮಸ್ತ ಜೀವಕ್ಕೂ ಮಂಗಳವಾಗಲಿ.