ಮುಟ್ಟಿ ನೋಡಬಾರದ ಮಷಿನ್

“ಕೈ ತೆಗಿಯಲೇ ಗುರುಸ್ವಾಮಿ. ಅದೇನು ಸೀರೆ ಅಂದ್ಕಂಡ್ಯಾ, ಸವರಿ ಸವರಿ ನೋಡಾಕೆ?”

ಅಂಗಡಿಯ ಸಾಹುಕಾರ ಏಕಾಂತಪ್ಪ ಹಾಗೆಂದದ್ದೇ ಅಲ್ಲಿದ್ದವರೆಲ್ಲ ನಕ್ಕರು. ಏಕಾಂತಪ್ಪನ ಮಗ ಮಹಾಂತೇಶನೂ ನಕ್ಕ. ಅವನು ರವಿತೇಜನ ಕ್ಲಾಸ್‌ಮೇಟ್. ಅಪ್ಪ ಗುರುಸ್ವಾಮಿಯ ಪಕ್ಕ ನಿಂತಿದ್ದ ರವಿಯ ಕಿವಿ ಬಿಸಿಯಾಯಿತು.

ಅಪ್ಪ ಮುಟ್ಟಿದ್ದು ಹುಲ್ಲು ಕತ್ತರಿಸುವ ಪೆಟ್ರೋಲ್ ಮಷಿನ್ನಿನ ನೈಲಾನ್ ದಾರ. ಅದು ಗಿರಗಿರ ತಿರುಗಿದರೆ ಹುಲ್ಲು ತುಂಡಾಗುತ್ತದೆ. ಯಾವ ದಾರ ಕಂಡರೂ ಅಪ್ಪ ಎರಡು ಬೆರಳಲ್ಲಿ ಹಿಡಿದು ಹೊಸೆದು ನೋಡುತ್ತಾನೆ. ನೇಯುವವರ ಕೈ, ಏನು ಮಾಡುವುದು?

ಮೊಳಕಾಲ್ಮೂರಿನ ಅವರ ಮನೆಯ ಹಿತ್ತಲಲ್ಲಿ ಸೀರೆಗೆ ಬೇಕಾದ ರೇಷ್ಮೆ ಎಳೆಗಳನ್ನು ಉದ್ದಕ್ಕೆ ಎಳೆದು ಕಟ್ಟುತ್ತಾರೆ. ಹುಲ್ಲು ಬೆಳೆದರೆ ಎಳೆ ಸಿಕ್ಕಿಕೊಳ್ಳುತ್ತದೆ. ಅಮ್ಮ ಕುಡುಗೋಲು ಹಿಡಿದು ಕೊಯ್ಯುತ್ತಾಳೆ. ಕೊಯ್ದು ಕೊಯ್ದು ಈಗ ಅವಳ ಅಂಗೈ ಒರಟಾಗಿದೆ. ಮುಟ್ಟಿದ ಎಳೆಯೆಲ್ಲ ಅಂಗೈಗೇ ಸಿಕ್ಕಿ ಹರಿಯುತ್ತದೆ. ಮಗ್ಗದ ಹತ್ತಿರ ಬರಲು ಅವಳೇ ಹೆದರುತ್ತಾಳೆ. ಅದಕ್ಕೇ ಮಷಿನ್.

“ಇದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕೇನ್ರಿ?” ಅಪ್ಪ ಕೇಳಿದ.

“ಹೂಂ ಮತ್ತೆ. ಟೂ ಸ್ಟ್ರೋಕು.”

“ಬೆರೆಸದೇ ಇರೋದು, ಫೋರ್ ಸ್ಟ್ರೋಕ್ ಐತಂತಲ್ರಿ. ಆಯಿಲ್ ಕೈಲಿ ರೇಷ್ಮೆ ಮುಟ್ಟಿದ್ರೆ ಕಲೆ ಕೂರ್ತತೆ.”

“ನಿಮ್ಮನೇಲಿ ಸೋಪಿಲ್ವೇನಲೇ?”

ಮತ್ತೆ ನಗು.

“ಒಂದ್ಸಲ ಸ್ಟಾರ್ಟ್ ಮಾಡಿ ತೋರಿಸ್ತೀರಾ? ಎಷ್ಟು ಹೊಗೆ ಬರ್ತತೆ ನೋಡಾನ.”

“ತಗಳ್ಳೋರಿಗೆ ಮಾತ್ರ ಸ್ಟಾರ್ಟ್ ಮಾಡೋದು. ನೋಡಿ ಹೋಗೋರಿಗಲ್ಲ.”

ನೋಡಿ ಹೋಗೋರು. ರವಿಗೆ ಹೋದ ತಿಂಗಳು ನೆನಪಾಯಿತು. ಇದೇ ಏಕಾಂತಪ್ಪ ಮಗಳ ಮದುವೆಗೆ ಸೀರೆ ನೋಡಲು ಮನೆಯವರನ್ನೆಲ್ಲ ಕಟ್ಟಿಕೊಂಡು ಅವರ ಮನೆಗೆ ಬಂದಿದ್ದ. ಇದ್ದಬದ್ದ ಸೀರೆಯನ್ನೆಲ್ಲ ಬಿಚ್ಚಿಸಿದರು. ಸೆರಗು ಉಜ್ಜಿ ಉಜ್ಜಿ ನೋಡಿದರು. ಟೀ ಕುಡಿದರು. “ಚಳ್ಳಕೆರೆಲೂ ಒಂದ್ಸಲ ನೋಡ್ತೀವಿ” ಎಂದು ಎದ್ದು ಹೋದರು. ಸಂಜೆಯವರೆಗೂ ಅಪ್ಪನ ಜೊತೆ ಕೂತು ಸೀರೆ ಮಡಚಿದವನು ರವಿ.

ಈಗ ಅಪ್ಪ ಮೆಲ್ಲಗೆ ಹೇಳಿದ, “ಆಯ್ತು ಸಾವ್ಕಾರ್ರೆ. ಚಳ್ಳಕೆರೆಲೂ ಒಂದ್ಸಲ ನೋಡ್ತೀನಿ.”

ಅದು ತನ್ನದೇ ಮಾತೆಂದು ಏಕಾಂತಪ್ಪನಿಗೆ ಗೊತ್ತೂ ಆಗಲಿಲ್ಲ. ಅವನು ಆಗಲೇ ಬೇರೆ ಗಿರಾಕಿಯ ಕಡೆ ತಿರುಗಿದ್ದ.

“ಪದರಾ,” ನಡಿ ಎಂದು ಅಪ್ಪ ಮನೆಮಾತು ತೆಲುಗಿನಲ್ಲಿ ಕರೆದು ಮೆಟ್ಟಿಲಿಳಿದ. ನಾಳೆ ಬೆಳಿಗ್ಗೆ ಅಮ್ಮ ಮತ್ತೆ ಕುಡುಗೋಲು ಹಿಡಿಯುತ್ತಾಳೆ.

“ಲೇ ರವಿ,” ಮಹಾಂತೇಶ ಸ್ಟೂಲಿನ ಮೇಲಿಂದಲೇ ಕೂಗಿದ. “ಭಾನುವಾರ ಅಕ್ಕಂಗೆ ಸೀರೆ ನೋಡಾಕೆ ಇನ್ನೊಂದ್ಸಲ ಬರ್ತೀವಿ. ನಿಮ್ಮಪ್ಪ ಮನೇಲಿರ್ತಾನೇನಲೇ?”

ರವಿ ಬಾಯಿ ತೆರೆದ. ಒಳ್ಳೇ ಬೈಗುಳವೊಂದು ನಾಲಿಗೆಯ ಮೇಲೇ ಇತ್ತು.

ಹೊರಗೆ ಅಪ್ಪ, ದಾರ ಮುಟ್ಟಿದ ಬೆರಳುಗಳನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದ, ಮಗ್ಗಕ್ಕೆ ಕೂರುವ ಮುಂಚೆ ಒರೆಸಿಕೊಳ್ಳುವ ಹಾಗೇ. ಮಹಾಂತೇಶನ ಮಾತು ಅವನಿಗೂ ಕೇಳಿಸಿತ್ತು. ಭಾನುವಾರ ಅಪ್ಪ ಚಾಪೆ ಹಾಸುತ್ತಾನೆ. ಒಂದೊಂದೇ ಸೀರೆ ಬಿಚ್ಚುತ್ತಾನೆ. ಟೀ ಇಡಲು ಅಮ್ಮನಿಗೆ ಹೇಳುತ್ತಾನೆ.

ರವಿ ಬಾಯಿ ಮುಚ್ಚಿದ. ಮಹಾಂತೇಶನ ಕಡೆ ತಿರುಗಿಯೂ ನೋಡದೆ ಅಪ್ಪನ ಹಿಂದೆ ನಡೆದ.