ಅವಳಿಗೆ ದಿನಾ ಶ್ರಾವಣ

"ನಾನು... ನಾನು ಮೀನು ತಿನ್ನಲ್ಲ!"

ಧನ್ಯಶ್ರೀ ತಟ್ಟೆಗೆ ಕೈ ಅಡ್ಡ ಹಿಡಿದಳು. ಬಡಿಸಲು ಬಗ್ಗಿದ್ದ ರವಿಕುಮಾರ ಬಗ್ಗಿದಂತೆಯೇ ನಿಂತುಬಿಟ್ಟ.

ಬುಕ್ಕಾಂಬುಧಿ ಕೆರೆಯ ಮೀನಿನ ಗುತ್ತಿಗೆ ಅವನದೇ. ಅಜ್ಜಂಪುರದಿಂದ ಹುಡುಗಿ ಕಡೆಯವರು ಮನೆ ನೋಡಲು ಬರುತ್ತಾರೆ, ಹುಡುಗಿಯೂ ಬರುತ್ತಾಳೆ ಎಂದು ಬೆಳಗ್ಗೆಯೇ ತೆಪ್ಪ ಹತ್ತಿ ದಪ್ಪನೆಯ ಕಾಟ್ಲಾ ಮೀನು ಹಿಡಿದು ತಂದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಅಲ್ಲಿಯವರೆಗೆ ನೋಡಿದ್ದು ಫೋಟೋದಲ್ಲಿ ಮಾತ್ರ.

"ಹಂಗಾರೆ ಕೋಳಿ ಹಾಕ್ಲೇನವ್ವ?" ಎಂದಳು ಅವನ ತಾಯಿ ದ್ಯಾಮಮ್ಮ.

"ಅದೂ ಇಲ್ಲ ಅತ್ತೆ. ಬಾಡು ಬಿಟ್ಬಿಟ್ಟಿದೀನಿ."

ಪಕ್ಕದಲ್ಲಿದ್ದ ಅವಳ ಅಪ್ಪ ಈರಪ್ಪ ತಲೆ ತಗ್ಗಿಸಿದ. ಎಲ್ಲರೂ ಅರ್ಧ ಊಟಕ್ಕೇ ಎದ್ದರು.

ಹಿತ್ತಿಲಲ್ಲಿ ಅವಳ ಕೈಗೆ ನೀರು ಹಾಕುತ್ತಾ ರವಿ ಮೆಲ್ಲಗೆ ಕೇಳಿದ. "ನಿಮ್ಮನೇಲಿ ಎಲ್ರೂ ತಿಂತಾರೆ. ನೀವೊಬ್ರೇ ಬಿಟ್ಟಿದೀರಾ. ತರೀಕೆರೇಲಿ ಕಾಲೇಜು ಓದುವಾಗ... ಯಾರಿಗೋಸ್ಕರ ಬಿಟ್ರಿ?"

ಯಾರಿಗೋಸ್ಕರ! ಬಾಡು ತಿನ್ನದ ಮನೆಯ ಯಾವನೋ ಹುಡುಗನನ್ನು ಮೆಚ್ಚಿಕೊಂಡು ಬಿಟ್ಟಿದ್ದೇನೆ ಅಂತ ತಾನೆ ಇವರ ಅರ್ಥ?

"ಹೂಂ! ಒಬ್ಬನಿಗೋಸ್ಕರಾನೇ ಬಿಟ್ಟೆ!"

ಕೈ ಒರೆಸಿದ ಟವೆಲ್ಲನ್ನು ಅವನ ಹೆಗಲಿಗೇ ಎಸೆದು ಬಿರಬಿರನೆ ನಡೆದಳು. ಅಯ್ಯೋ ಹುಡುಗಿ! ಇನ್ನೊಂದು ಮಾತು ಸೇರಿಸಿದ್ದರೆ ನಿನ್ನ ಬಾಯಿ ಸವೆಯುತ್ತಿತ್ತೇ?

ಬುಕ್ಕಾಂಬುಧಿಯಿಂದ ಮತ್ತೆ ಸುದ್ದಿಯೇ ಇಲ್ಲ...

"ಒಂದು ತುಂಡು ಬಾಯಿಗೆ ಹಾಕ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಈರಪ್ಪ ಗೊಣಗಿದ. "ಒಳ್ಳೇ ಹುಡುಗ ಕೈ ತಪ್ಪೋದ. ಮದ್ವೆ ಆದ್ಮೇಲೆ ತಿಂತಾಳೆ ಅಂತ ನಾನೇ ಹೋಗಿ ಹೇಳ್ಬತ್ತೀನಿ."

ಹೇಳಲಿ ಬಿಡು ಎಂದಿತು ಅವಳ ಮನಸ್ಸು. ಅವಳಿಗೆ ರವಿ ಬೇಕಿತ್ತು! ಅಂದು ಅವಳು ಬೇಡ ಎಂದಾಗ ಮೀನಿನ ಪಾತ್ರೆ ದೂರ ಸರಿಸಿ, ಓಡಿಹೋಗಿ ಮೊಸರು ತಂದವನು ಅವನೇ. ಆದರೆ ಸುಳ್ಳು ಹೇಳಿ ಆ ಮನೆ ಸೇರಿದರೆ ದಿನಾ ತಟ್ಟೆಯ ಮುಂದೆ ಅಳಬೇಕಲ್ಲ...

"ಬೇಡಪ್ಪಾ. ನಾನೇ ಹೋಗಿ ನಿಜ ಹೇಳ್ತೀನಿ."

ಮರುದಿನ ಮಧ್ಯಾಹ್ನ ಕೆರೆ ಏರಿಯ ಮೇಲೆ ರವಿ ಬಲೆ ಹೊಲಿಯುತ್ತಾ ಕೂತಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

"ಅವನ ಹೆಸರು ಕರಿಯ," ಎಂದಳು ಅವಳು.

ರವಿಯ ಮುಖ ಸಪ್ಪಗಾಯಿತು. "ಏನ್ ಕೆಲ್ಸ ಮಾಡ್ತಾನೆ?"

"ಮೇಯ್ತಿದ್ದ."

"ಆಂ?!"

"ಟಗರು ಕಣ್ರೀ! ತಾಯಿ ಸತ್ತ ಮರಿ. ಬಾಟ್ಲಿ ಹಾಲು ಕುಡಿಸಿ ಸಾಕಿದ್ದೆ. ನಾನು ಬಸ್ ಇಳಿದ್ರೆ ಸಾಕು, ಓಡಿ ಬರ್ತಿದ್ದ. ಅಕ್ಕನ ಮದ್ವೆ ಬೀಗರೂಟದಲ್ಲಿ... ಅರ್ಧ ಉಂಡ ಮೇಲೆ ಗೊತ್ತಾಯ್ತು ರೀ, ಎಲೆ ಮೇಲಿರೋದು ಅವನೇ ಅಂತ."

ನಗಲು ಹೊರಟವನು ಅವಳ ಕಣ್ಣೀರು ನೋಡಿ ನಗು ನುಂಗಿಕೊಂಡ.

"ತಪ್ಪಾಯ್ತು ಕಣ್ರೀ. ಕೇಳಬಾರದ್ದು ಕೇಳ್ಬಿಟ್ಟೆ. ಆದ್ರೆ ನನ್ನ ಹೊಟ್ಟೆಪಾಡೇ ಮೀನು. ಮೈಯೆಲ್ಲ ಅದೇ ವಾಸನೆ. ನಿಮಗೆ ಅಸಹ್ಯ ಆಗಲ್ವಾ?"

"ಹಿಡೀರಿ, ಮಾರಿ, ತಿನ್ನಿ. ನನ್ನ ತಟ್ಟೆಗೆ ಹಾಕ್ಬೇಡಿ, ಅಷ್ಟೇ. ಆಗುತ್ತಾ ಹೇಳಿ. ಇಲ್ಲಾಂದ್ರೆ ಈಗ್ಲೇ ಬಸ್ ಹತ್ತೀನಿ."

ರವಿ ಬಲೆಯ ದಾರವನ್ನು ಬೆರಳಿಗೆ ಸುತ್ತತೊಡಗಿದ.

"ಲೇ ರವಿ, ಬಾಯಲ್ಲಿ ಕಡುಬು ಇಟ್ಕೊಂಡಿದೀಯೇನೋ? ಆಗುತ್ತೆ ಅನ್ನೋ!"

ಮಗನಿಗೆ ಬುತ್ತಿ ತಂದಿದ್ದ ದ್ಯಾಮಮ್ಮ ಹಿಂದೆಯೇ ನಿಂತಿದ್ದಳು! ಎಲ್ಲ ಕೇಳಿಸಿಕೊಂಡಿದ್ದಳು.

"ಸೋಮವಾರ, ಶನಿವಾರ ನಾವು ತಿಂತೀವಾ? ಶ್ರಾವಣ ಪೂರ್ತಿ ಮುಟ್ತೀವಾ? ಈ ಮಗೀಗೆ ದಿನಾ ಶ್ರಾವಣ ಅನ್ಕೊಂಡ್ರಾಯ್ತು. ಆದ್ರೆ ನೋಡವ್ವ, ಬರೀ ಅನ್ನ ತಿಳಿಸಾರು ಉಂಡ್ಕೊಂಡಿರ್ತೀನಿ ಅಂದ್ರೆ ನಾನೊಪ್ಪಲ್ಲ. ಹುರುಳಿ, ಅವರೆ, ಸೊಪ್ಪು, ಮೊಸರು ಹೊಟ್ಟೆ ತುಂಬಾ ಉಣ್ಬೇಕು. ನಿಂಗೆ ಬೇರೆ ಪಾತ್ರೆ ಇಡ್ತೀನಿ. ನಿಮ್ಮ ಬೀಗರೂಟದ ದಿನ ಹಿತಕಿದಬೇಳೆ ಸಾರು ನಾನೇ ಮಾಡ್ತೀನಿ."

ಧನ್ಯಶ್ರೀ ಅವಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಅದು ದುಃಖವಲ್ಲ.

"ಅಳು ಸಾಕು, ಉಣ್ಣು. ಇವತ್ತು ಸೋಮವಾರಾನೇ!" ದ್ಯಾಮಮ್ಮ ಬುತ್ತಿ ಬಿಚ್ಚಿಟ್ಟಳು. ಮುದ್ದೆ, ಹುರುಳಿಕಾಳು ಬಸ್ಸಾರು. ಹಸು ನೋಡಬೇಕೆಂಬ ನೆಪ ಹೇಳಿ ಜಾಗ ಖಾಲಿ ಮಾಡಿದಳು, ಜಾಣೆ!

ಒಂದೇ ತಟ್ಟೆ. ಇಬ್ಬರ ಕೈ.

"ಧನ್ಯಾ... ಆ ಕರಿಯನ ಮೇಲೆ ಹೊಟ್ಟೆಕಿಚ್ಚಾಗ್ತೈತೆ ಕಣೇ," ಎಂದ ರವಿ ಮುದ್ದೆ ಮುರಿಯುತ್ತಾ.

"ಯಾಕೋ?"

"ಅವನಿಗೋಸ್ಕರ ಬಾಡೇ ಬಿಟ್ಟೆ. ನನಗೋಸ್ಕರ ಏನ್ ಬಿಡ್ತೀಯಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಅಜ್ಜಂಪುರ... ಸಾಕಾ?"